ನಕ್ಷತ್ರಮೀನಿಗೆ ಮುಳ್ಳು ಚುಚ್ಚಿ ನೋಡಿದವನು

ಹೋದ ಸೆಮಿಸ್ಟರ್ ಎರಡನೇ ಇಂಟರ್ನಲ್ಸ್ ಹೊತ್ತಿಗೆ ಸರಿಯಾಗಿ ನನ್ನ ರೂಮ್‌ಮೇಟ್ ಹೊಟ್ಟೆ ಹಿಡ್ಕೊಂಡು ಮಲಗಿದ. ಎಲ್ಲಿ ಏನು ತಿಂದಿದ್ದ ಅನ್ನೋದು ಬೇಡ ಬಿಡಿ, ನಾವೂ ಅಲ್ಲೇ ತಿಂದಿದ್ವಿ. ಜ್ವರ, ಹೊಟ್ಟೆ ನುಲಿತ, ರಾತ್ರಿಯಿಡೀ ಬಾತ್‌ರೂಮಿಗೆ ಓಡಾಟ. ಬೆಳಿಗ್ಗೆ ಆಟೋದಲ್ಲಿ ಕರ್ಕೊಂಡು ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬಿಳಿ ರಕ್ತಕಣ ಜಾಸ್ತಿಯಾಗಿದೆ, ಬ್ಯಾಕ್ಟೀರಿಯಾ ಸೋಂಕಿನಿಂದ ಕರುಳಲ್ಲಿ ಉರಿಯೂತ ಆಗಿದೆ ಅಂತ ಹೇಳಿ ಡ್ರಿಪ್ ಹಾಕಿಸಿದ್ರು. ಹನಿ ಬೀಳೋದನ್ನೇ ನೋಡ್ತಾ ಕೂತಿದ್ದ ನನಗೆ ಒಂದು ಪ್ರಶ್ನೆ ಬಂತು. ಈ ಉರಿ, ಊತ, ಜ್ವರ ಇದನ್ನೆಲ್ಲ ಮಾಡ್ತಿರೋದು ಯಾರು? ಒಳಗೆ ಹೊಕ್ಕ ಬ್ಯಾಕ್ಟೀರಿಯಾನೋ ಅಥವಾ ಇವನ ಮೈಯೋ?

ಡಾಕ್ಟರನ್ನೇ ಕೇಳಿದೆ. ಬಹುಪಾಲು ಇವನ ಮೈಯೇ ಅಂತ ಹೇಳಿ ನಕ್ಕು ಮುಂದಿನ ಬೆಡ್ಡಿಗೆ ಹೋದ್ರು. ಇವತ್ತು ಎರಡೇ ಮಾತಲ್ಲಿ ಹೇಳಿ ಮುಗಿಸಬಹುದಾದ ಈ ಉತ್ತರವನ್ನು 140 ವರ್ಷದ ಹಿಂದೆ ಹೇಳಿದವನ ಮೇಲೆ ಯುರೋಪಿನ ದೊಡ್ಡ ದೊಡ್ಡ ವೈದ್ಯರು ಮುಗಿಬಿದ್ದಿದ್ದರು. ಅವನ ಹೆಸರು ಇಲ್ಯಾ ಮೆಚ್ನಿಕಾಫ್. ಅವನು ಡಾಕ್ಟರೂ ಆಗಿರಲಿಲ್ಲ. ಚಪ್ಪಟೆ ಹುಳು, ನಕ್ಷತ್ರಮೀನು ಅಂತ ನೋಡ್ಕೊಂಡಿದ್ದ ಪ್ರಾಣಿಶಾಸ್ತ್ರದ ಮೇಷ್ಟ್ರು.

ಹುಟ್ಟಿದ್ದು 1845ರಲ್ಲಿ, ಈಗಿನ ಉಕ್ರೇನಿನ ಖಾರ್ಕಿವ್ ಸುತ್ತಲಿನ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾ ಚಕ್ರಾಧಿಪತ್ಯದ ಭಾಗ. ಐದು ಮಕ್ಕಳಲ್ಲಿ ಕೊನೆಯವನು. ಎಂಟು ವರ್ಷಕ್ಕೇ ಗಿಡಮರಗಳ ಬಗ್ಗೆ ಉಪನ್ಯಾಸ ಕೊಡುವ ಹುಚ್ಚು ಹತ್ತಿತ್ತು. ಕೇಳುವವರು ಬೇಕಲ್ಲ, ಅದಕ್ಕೆ ತನ್ನ ಪುಡಿಗಾಸು ಕೊಟ್ಟು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದ. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷಕ್ಕೆ ಮುಗಿಸಿದ. ಬ್ಯಾಕ್‌ಲಾಗ್ ಇರುವ ನಾವು ಈ ಸಾಲನ್ನು ಬೇಗ ದಾಟಿ ಮುಂದೆ ಹೋಗುವುದು ವಾಸಿ.

ಆಮೇಲೆ ಜರ್ಮನಿ, ಇಟಲಿ ಅಂತ ಸುತ್ತಿದ. 1865ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಒಂದು ಚಪ್ಪಟೆ ಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ನಮ್ಮ ಹಾಗೆ ಆ ಹುಳು ಹೊಟ್ಟೆಯೊಳಗೆ ರಸ ಸುರಿಸಿ ಆಹಾರ ಕರಗಿಸುತ್ತಿರಲಿಲ್ಲ. ಅದರ ಕರುಳಿನ ಜೀವಕೋಶಗಳು ಆಹಾರದ ಚೂರನ್ನು ನೇರವಾಗಿ ನುಂಗಿ ತಮ್ಮ ಒಡಲೊಳಗೇ ಅರಗಿಸಿಕೊಳ್ಳುತ್ತಿದ್ದವು. ಆಗ ಅದೊಂದು ಚಿಕ್ಕ ಪ್ರಬಂಧದ ವಿಷಯ, ಅಷ್ಟೇ. ಆದರೆ ಜೀವಕೋಶಕ್ಕೂ ಬಾಯಿ ಇದೆ ಅನ್ನುವುದು ಅವನ ತಲೆಯಲ್ಲಿ ಉಳಿಯಿತು. ಹದಿನೇಳು ವರ್ಷ ಸುಮ್ಮನೆ ಕೂತಿತ್ತು.

22ನೇ ವಯಸ್ಸಿಗೆ ಒಡೆಸ್ಸಾದಲ್ಲಿ ಮೇಷ್ಟ್ರಾದ; ಕ್ಲಾಸಲ್ಲಿ ಕೂತ ಕೆಲವರು ಅವನಿಗಿಂತ ದೊಡ್ಡವರು. ಕೋಪಿಷ್ಠ, ಎಲ್ಲರ ಜೊತೆ ಜಗಳ, ಕಣ್ಣು ಬೇರೆ ವೀಕು. 1869ರಲ್ಲಿ ಲುದ್ಮಿಲಾ ಎಂಬಾಕೆಯನ್ನು ಮದುವೆಯಾದ. ಅವಳಿಗೆ ಕ್ಷಯ. ಮದುವೆಯ ದಿನ ಚರ್ಚಿನ ತನಕ ನಡೆಯುವ ಶಕ್ತಿಯೂ ಇಲ್ಲದೆ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ನಾಲ್ಕು ವರ್ಷ ಅವಳನ್ನು ಉಳಿಸಿಕೊಳ್ಳಲು ಬೆಚ್ಚಗಿನ ಊರುಗಳಿಗೆ ಕರೆದೊಯ್ದ, ಸಾಲ ಮಾಡಿದ, ಅನುವಾದದ ಕೂಲಿ ಮಾಡಿದ. 1873ರಲ್ಲಿ ಅಟ್ಲಾಂಟಿಕ್‌ನ ಮದೇರಾ ದ್ವೀಪದಲ್ಲಿ ಅವಳು ತೀರಿಕೊಂಡಳು. ವಾಪಸ್ಸು ಬರುವ ದಾರಿಯಲ್ಲಿ ಅವನು ಜೀವ ಕಳೆದುಕೊಳ್ಳಲು ಹೋಗಿ ಬದುಕಿ ಉಳಿದ. ಆ ದಿನಗಳಲ್ಲೇ ಜಿನೀವಾದಲ್ಲಿ, ನದಿಯ ಸೇತುವೆ ಮೇಲೆ, ದೀಪದ ಸುತ್ತ ಮುತ್ತುವ ಹುಳುಗಳನ್ನು ಕಂಡನಂತೆ. ಇಷ್ಟೇ ಹೊತ್ತು ಬದುಕುವ ಇವಕ್ಕೆ ಪ್ರಕೃತಿಯ ಆಯ್ಕೆ ಅನ್ನುವುದು ಹೇಗೆ ಅನ್ವಯಿಸುತ್ತೆ ಅಂತ ಯೋಚನೆ ಹತ್ತಿತು. ಯೋಚನೆ ಹತ್ತಿದ್ದೇ ಅವನನ್ನು ಮತ್ತೆ ಬದುಕಿಗೆ ಎಳೆದು ತಂದಿತು. ಈ ಪ್ರಸಂಗ ಓದಿದಾಗ ನನಗನ್ನಿಸಿದ್ದು, ಆ ಹೊತ್ತಲ್ಲಿ ಪಕ್ಕದಲ್ಲಿ ಒಬ್ಬ ಸ್ನೇಹಿತ ಇದ್ದಿದ್ದರೆ ಹುಳುಗಳಿಗೆ ಆ ಕೆಲಸ ಬೀಳುತ್ತಿರಲಿಲ್ಲ.

1875ರಲ್ಲಿ ಓಲ್ಗಾಳನ್ನು ಮದುವೆಯಾದ. 1880ರಲ್ಲಿ ಅವಳಿಗೆ ಟೈಫಾಯಿಡ್ ಬಂತು. ನಮ್ಮ ರೂಮ್‌ಮೇಟಿಗೆ ಬಂದಿದ್ದ ಸೋಂಕಿನ ದಾಯಾದಿಯೇ, ಆದರೆ ಬಲು ಕೆಟ್ಟ ದಾಯಾದಿ. ವಾರಗಟ್ಟಲೆ ಸಾವುಬದುಕಿನ ನಡುವೆ ಇದ್ದು ಓಲ್ಗಾ ಉಳಿದುಕೊಂಡಳು. ಆದರೆ ಮೆಚ್ನಿಕಾಫ್ ಸೋತು ಹೋಗಿದ್ದ. 1881ರಲ್ಲಿ, ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತನ್ನ ಮೈಗೇ ಚುಚ್ಚಿಕೊಂಡ. ರಕ್ತದ ಮೂಲಕ ಆ ಜ್ವರ ಹರಡುತ್ತದಾ ಅಂತ ಪರೀಕ್ಷೆ ಅನ್ನುವುದು ಹೊರಗಿನ ನೆಪ. ಒಳಗೆ ಬದುಕುವ ಆಸೆ ಇರಲಿಲ್ಲ. ಭಯಂಕರ ಜ್ವರ ಬಂತು, ಬಿಟ್ಟಿತು. ಅದೇ ವರ್ಷ ತ್ಸಾರ್ ಎರಡನೇ ಅಲೆಕ್ಸಾಂಡರನ ಕೊಲೆಯಾಗಿ ವಿಶ್ವವಿದ್ಯಾಲಯಗಳ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. 1882ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಓಲ್ಗಾ ಮತ್ತು ಅವಳ ತಮ್ಮ ತಂಗಿಯರನ್ನು ಕಟ್ಟಿಕೊಂಡು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾಕ್ಕೆ ಹೊರಟುಹೋದ. ಅಲ್ಲಿ ಲ್ಯಾಬ್ ಇರಲಿಲ್ಲ, ಸಂಬಳ ಇರಲಿಲ್ಲ, ಗೈಡ್ ಇರಲಿಲ್ಲ. ಸಮುದ್ರ ಇತ್ತು, ಒಂದು ಸೂಕ್ಷ್ಮದರ್ಶಕ ಇತ್ತು, ಮನೆಯ ಹಾಲ್ ಇತ್ತು.

ಅದೇ ಡಿಸೆಂಬರಿನ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಕೋತಿಗಳ ಆಟ ನೋಡಲು ಹೋದರು. ಇವನೊಬ್ಬನೇ ಉಳಿದ. ನಕ್ಷತ್ರಮೀನಿನ ಮರಿ, ಅಂದರೆ ಲಾರ್ವಾ, ಗಾಜಿನ ಹಾಗೆ ಪಾರದರ್ಶಕ. ಜೀವಂತ ಇರುವಾಗಲೇ ಒಳಗೆ ಏನೇನು ಓಡಾಡುತ್ತಿದೆ ಅಂತ ನೋಡಬಹುದು. ಅದರೊಳಗೆ ಅಲೆದಾಡುವ ಕೆಲವು ಜೀವಕೋಶಗಳನ್ನು ನೋಡುತ್ತಾ ಇದ್ದವನಿಗೆ ಥಟ್ಟನೆ ಹೊಳೆಯಿತು. ಇವು ಊಟಕ್ಕಾಗಿ ಮಾತ್ರ ಅಲೆಯುತ್ತಿಲ್ಲ, ಹೊರಗಿಂದ ಏನಾದರೂ ನುಗ್ಗಿದರೆ ಅದನ್ನು ಎದುರಿಸುವ ಕೆಲಸವೂ ಇವುಗಳದ್ದೇ ಇರಬಹುದಾ? ಹಾಗಿದ್ದರೆ, ಬೆರಳಿಗೆ ಸಿಬಿರು ಚುಚ್ಚಿದಾಗ ನಮಗೆ ಕೀವು ತುಂಬಿಕೊಳ್ಳುವ ಹಾಗೆ, ಈ ಮರಿಗೆ ಏನಾದರೂ ಚುಚ್ಚಿದರೆ ಅದರ ಸುತ್ತ ಈ ಕೋಶಗಳು ಬಂದು ಸೇರಬೇಕು. ಎದ್ದು ಸಮುದ್ರದ ದಂಡೆಗೆ ಹೋಗಿ ಅಡ್ಡಾಡಿ ಬಂದ. ಮನೆಯ ಅಂಗಳದಲ್ಲಿ ಗುಲಾಬಿ ಗಿಡ ಇತ್ತು. ಮುಳ್ಳು ಕಿತ್ತು ತಂದು ನಕ್ಷತ್ರಮೀನಿನ ಮರಿಗಳ ಚರ್ಮದ ಕೆಳಗೆ ತೂರಿಸಿದ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಗುಂಪು ಕಟ್ಟಿ ಮುತ್ತಿಕೊಂಡಿದ್ದವು.

ಇದರಲ್ಲೇನು ದೊಡ್ಡ ವಿಷಯ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆ ಕಾಲದ ತಿಳಿವಳಿಕೆ ಪಕ್ಕದಲ್ಲಿ ಇಟ್ಟು ನೋಡಿದಾಗ ಗೊತ್ತಾಗುತ್ತೆ. ಉರಿಯೂತದ ನಾಲ್ಕು ಲಕ್ಷಣ ರೋಮನ್ನರ ಕಾಲದಿಂದಲೂ ಗೊತ್ತು: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಅದೊಂದು ಕೆಡುಕು, ರೋಗದ ಒಂದು ರೂಪ ಅಂತಲೇ ಎಣಿಕೆ. ಜರ್ಮನಿಯ ಕೋನ್‌ಹೈಮ್ ಎಂಬ ದೊಡ್ಡ ರೋಗಶಾಸ್ತ್ರಜ್ಞ, ರಕ್ತನಾಳದ ಗೋಡೆ ಕೆಟ್ಟು ಸೋರುವುದರಿಂದ ಬಿಳಿ ರಕ್ತಕಣಗಳು ಆಚೆ ಬರುತ್ತವೆ ಅಂತ ತೋರಿಸಿದ್ದ. ಕೀವಿನಲ್ಲಿ ಬಿಳಿ ಕಣಗಳ ಒಳಗೆ ಬ್ಯಾಕ್ಟೀರಿಯಾ ಕಂಡವರೂ ಇದ್ದರು. ಆ ಕಣಗಳನ್ನೇ ವಾಹನ ಮಾಡಿಕೊಂಡು ಬ್ಯಾಕ್ಟೀರಿಯಾ ಮೈಯೆಲ್ಲ ಹರಡುತ್ತವೆ ಅಂತ ಅವರ ಲೆಕ್ಕ.

ಮೆಚ್ನಿಕಾಫನ ನಕ್ಷತ್ರಮೀನಿನ ಮರಿಗೆ ರಕ್ತನಾಳವೇ ಇಲ್ಲ. ನರವ್ಯೂಹ ಅನ್ನುವಂಥದ್ದೂ ಹೆಸರಿಗಷ್ಟೇ. ಆದರೂ ಕೋಶಗಳು ಬಂದವು. ನಾವು ಲ್ಯಾಬಲ್ಲಿ ಸರ್ಕ್ಯೂಟ್ ಕೈಕೊಟ್ಟಾಗ ಒಂದೊಂದೇ ಭಾಗ ಬಿಚ್ಚಿ ಪಕ್ಕಕ್ಕಿಟ್ಟು ನೋಡ್ತೀವಲ್ಲ, ಅದೇ ಕೆಲಸ ಇದು. ರಕ್ತನಾಳ ತೆಗೆದರೂ ಉರಿಯೂತದ ತಿರುಳು ಉಳಿಯುತ್ತದೆ ಅಂದಮೇಲೆ ಆ ತಿರುಳು ರಕ್ತನಾಳ ಅಲ್ಲ, ಹುಡುಕಿಕೊಂಡು ಬಂದು ನುಂಗುವ ಕೋಶ. ಕೆಂಪು, ಊತ, ಬಿಸಿ ಎಲ್ಲ ಆ ಕೋಶಗಳು ಬೇಗ ಬಂದು ಸೇರಲಿ ಅಂತ ಮೈ ಮಾಡಿಕೊಡುವ ದಾರಿ. ಅಂದರೆ ಉರಿಯೂತ ರೋಗ ಅಲ್ಲ, ರೋಗಕ್ಕೆ ಮೈ ಕೊಡುವ ಉತ್ತರ.

ಮೆಸ್ಸಿನಾಕ್ಕೆ ಬಂದಿದ್ದ ವಿರ್ಚೋ, ಆಗಿನ ರೋಗಶಾಸ್ತ್ರದ ಭೀಷ್ಮ, ಇದನ್ನೆಲ್ಲ ನೋಡಿ ಮೆಚ್ಚಿದ. ವೈದ್ಯರು ನಂಬಿರುವುದಕ್ಕೆ ಇದು ಪೂರ್ತಿ ಉಲ್ಟಾ ಇದೆ, ಹುಷಾರಾಗಿ ಮುಂದುವರಿ ಅಂತಲೂ ಎಚ್ಚರಿಸಿದ. ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕ್ಲಾಸ್ ಗ್ರೀಕಿನಿಂದ ಒಂದು ಹೆಸರು ಹುಡುಕಿ ಕೊಟ್ಟ: ಫ್ಯಾಗೊಸೈಟ್. ತಿನ್ನುವ ಕೋಶ, ಕನ್ನಡದಲ್ಲಿ ಭಕ್ಷಕ ಕೋಶ.

ಮುಳ್ಳು ಬ್ಯಾಕ್ಟೀರಿಯಾ ಅಲ್ಲವಲ್ಲ, ನಿಜವಾದ ಸೋಂಕು ಬೇಕಿತ್ತು. 1884ರಲ್ಲಿ ಕೊಳದ ನೀರಿನ ಡ್ಯಾಫ್ನಿಯಾ ಎಂಬ ಸಣ್ಣ ಜೀವಿಯಲ್ಲಿ ಅದೂ ಸಿಕ್ಕಿತು. ಇದೂ ಪಾರದರ್ಶಕ. ನೀರಿನ ಜೊತೆ ಒಂದು ಜಾತಿಯ ಶಿಲೀಂಧ್ರದ ಬೀಜಕಗಳನ್ನು ಇದು ನುಂಗುತ್ತದೆ. ಬೀಜಕ ಸೂಜಿಯ ಹಾಗೆ ಮೊನಚು. ಕರುಳಿನ ಗೋಡೆ ತೂತು ಮಾಡಿ ಒಳಗೆ ಬರುತ್ತದೆ. ಬಂದ ಕೂಡಲೇ ಭಕ್ಷಕ ಕೋಶಗಳು ಮುತ್ತಿಕೊಳ್ಳುತ್ತವೆ. ಅವು ಗೆದ್ದರೆ ಡ್ಯಾಫ್ನಿಯಾ ಬದುಕುತ್ತದೆ. ಬೀಜಕ ಮೊಳೆತು ಕೋಶಗಳನ್ನೇ ಕರಗಿಸಿದರೆ ಸಾಯುತ್ತದೆ. ಇಲ್ಲಿ ಶತ್ರು ಬ್ಯಾಕ್ಟೀರಿಯಾ ಅಲ್ಲದೆ ಶಿಲೀಂಧ್ರ, ನಿಜ. ಆದರೆ ಬಾಯಿಂದ ಹೋಗಿ ಕರುಳಿನ ಗೋಡೆ ದಾಟುವ ಶತ್ರು, ಗೋಡೆಯ ಆ ಬದಿಯಲ್ಲಿ ಕಾದಿರುವ ಕಾವಲು ಅನ್ನುವ ಚಿತ್ರ ಮೊದಲು ಸ್ಪಷ್ಟವಾಗಿ ಕಂಡಿದ್ದು ಈ ಕೊಳದ ಜೀವಿಯಲ್ಲೇ.

ಒಡೆಸ್ಸಾಕ್ಕೆ ವಾಪಸ್ಸಾಗಿ 1886ರಿಂದ ಎರಡು ವರ್ಷ ಅಲ್ಲಿನ ಲಸಿಕೆ ಕೇಂದ್ರ ನಡೆಸಿದ್ದು ಅವನ ಬಾಳಿನ ಕೆಟ್ಟ ಅಧ್ಯಾಯ. ಡಾಕ್ಟರ್ ಅಲ್ಲದವನು ಲಸಿಕೆ ಹಾಕಿಸುವುದೇನು ಅಂತ ಊರಿನ ಡಾಕ್ಟರುಗಳ ಕಿರಿಕಿರಿ. ಅವನು ಊರಲ್ಲಿಲ್ಲದಾಗ ಕುರಿಗಳಿಗೆ ಹಾಕಿದ ಆಂತ್ರಾಕ್ಸ್ ಲಸಿಕೆ ತಿರುಗುಬಾಣವಾಗಿ ಸಾವಿರಾರು ಕುರಿ ಸತ್ತವು. ಬರ್ಲಿನ್ನಿಗೆ ಹೋಗಿ ರಾಬರ್ಟ್ ಕಾಕ್‌ನಿಗೆ ತನ್ನ ಸ್ಲೈಡು ತೋರಿಸಿದರೆ ಅಲ್ಲಿ ಸಿಕ್ಕಿದ್ದು ತಣ್ಣನೆಯ ಉದಾಸೀನ. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಮಾತ್ರ ಮೊದಲ ಭೇಟಿಯಲ್ಲೇ ನಂಬಿದ, ಹೊಸದಾಗಿ ಕಟ್ಟುತ್ತಿದ್ದ ತನ್ನ ಸಂಸ್ಥೆಯಲ್ಲಿ ಲ್ಯಾಬು ಕೊಟ್ಟ. 1888ರಲ್ಲಿ ಹೋದವನು ಸಾಯುವ ತನಕ, 28 ವರ್ಷ, ಅಲ್ಲೇ ಇದ್ದ.

ಒಡೆಸ್ಸಾದಲ್ಲಿ ಅವನ ಶಿಷ್ಯನಾಗಿದ್ದ ಹಾಫ್‌ಕಿನ್ ಕೂಡ ಪ್ಯಾರಿಸ್ಸಿಗೆ ಬಂದ. ಅವನಿಗೆ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. ಅಲ್ಲಿಂದಲೇ ಕಾಲರಾ ಲಸಿಕೆ ಮಾಡಿ, 1893ರಲ್ಲಿ ಭಾರತಕ್ಕೆ ಬಂದು, ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದ. ಧಾರವಾಡದ ಕಡೆಯವರು ಗಮನಿಸಿ, 1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ಇದೇ ಲಸಿಕೆ.

ಪ್ಯಾರಿಸ್ಸಿನಲ್ಲಿ ಮೆಚ್ನಿಕಾಫನ ಬಾಳು ಅಂದರೆ ಜರ್ಮನ್ನರ ಜೊತೆ ಕುಸ್ತಿ. 1891ರಲ್ಲಿ ಉರಿಯೂತದ ಬಗ್ಗೆ ಉಪನ್ಯಾಸ ಮಾಲೆ ಕೊಟ್ಟು ಮರುವರ್ಷ ಪುಸ್ತಕ ಮಾಡಿದ. ಅಮೀಬಾದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿ ಮನುಷ್ಯನ ತನಕ ಬರುವ ಪುಸ್ತಕ ಅದು. ಅಷ್ಟರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ, ಜೀವಕೋಶವೇ ಇಲ್ಲದ ರಕ್ತದ ಸೀರಂ ಕೂಡ ರೋಗದ ವಿಷವನ್ನು ತಡೆಯುತ್ತದೆ ಅಂತ 1890ರಲ್ಲಿ ತೋರಿಸಿಬಿಟ್ಟಿದ್ದರು. ಕೋಶ ಮುಖ್ಯವೋ ಸೀರಂ ಮುಖ್ಯವೋ ಅನ್ನುವ ಜಗಳ ಇಪ್ಪತ್ತು ವರ್ಷ ನಡೆಯಿತು. 1894ರಲ್ಲಿ ಫೈಫರ್ ಎಂಬವನು ಗಿನಿಪಿಗ್ ಹೊಟ್ಟೆಯೊಳಗೆ ಕಾಲರಾ ಬ್ಯಾಕ್ಟೀರಿಯಾ ಯಾವ ಕೋಶದ ಸಹಾಯವೂ ಇಲ್ಲದೆ ಕರಗುವುದನ್ನು ತೋರಿಸಿದಾಗ ಮೆಚ್ನಿಕಾಫನಿಗೆ ದೊಡ್ಡ ಪೆಟ್ಟು. ತಮಾಷೆ ಏನಂದ್ರೆ ಅದರ ಗುಟ್ಟು ಬಿಡಿಸಿದ್ದು ಅವನ ಲ್ಯಾಬಿನದೇ ಹುಡುಗ ಬೊರ್ಡೆ, ಮೇಷ್ಟ್ರ ಸಿದ್ಧಾಂತಕ್ಕೆ ವಿರುದ್ಧ ಹೋಗುವ ಫಲಿತಾಂಶದೊಂದಿಗೆ. ಮೇಷ್ಟ್ರು ಅದನ್ನು ಮುಚ್ಚಿಡಲಿಲ್ಲ. ಕೋಪಿಷ್ಠನಾದರೂ ಈ ವಿಷಯದಲ್ಲಿ ಮನುಷ್ಯ ದೊಡ್ಡವನು.

ಕಾಲರಾ ವಿಷಯಕ್ಕೆ ಬಂದರೆ ಇದೇ ಮನುಷ್ಯನ ಬಗ್ಗೆ ನನಗೆ ಮುಜುಗರ ಆಗುತ್ತೆ. 1892ರಲ್ಲಿ ಫ್ರಾನ್ಸಿಗೂ ಕಾಲರಾ ಬಂತು. ಒಂದೇ ನೀರು ಕುಡಿದ ಒಂದು ಊರಲ್ಲಿ ಹೆಣ ಬೀಳುತ್ತದೆ, ಇನ್ನೊಂದು ಊರಲ್ಲಿ ಏನೂ ಆಗುವುದಿಲ್ಲ, ಯಾಕೆ? ಮೆಚ್ನಿಕಾಫ್ ಕಾಲರಾ ಬ್ಯಾಕ್ಟೀರಿಯಾ ಬೆಳೆಸಿ ತಾನೇ ಕುಡಿದ. ಏನೂ ಆಗಲಿಲ್ಲ. ಒಬ್ಬ ಸ್ವಯಂಸೇವಕ ಕುಡಿದ, ಅವನಿಗೂ ಏನೂ ಆಗಲಿಲ್ಲ. ಇನ್ನೊಬ್ಬ ಯುವಕ ಕುಡಿದ. ಅವನು ಸಾಯುವ ಹಂತಕ್ಕೆ ಹೋಗಿ ಹೇಗೋ ಬದುಕಿದ. ತನ್ನ ಮೈ ಮೇಲೆ ಮಾಡಿಕೊಂಡಿದ್ದು ಅವನ ಇಷ್ಟ ಅನ್ನಬಹುದು. ಮೂರನೆಯವನದ್ದಕ್ಕೆ ಇವತ್ತು ಯಾವ ನೈತಿಕ ಸಮಿತಿಯೂ ಸಹಿ ಹಾಕುವುದಿಲ್ಲ, ಹಾಕಬಾರದು. ಆದರೂ ಅವನು ಅದರಿಂದ ತೆಗೆದ ಪಾಠ ಸರಿಯಾಗಿತ್ತು. ಕರುಳು ಖಾಲಿ ಕೊಳವೆ ಅಲ್ಲ. ಅಲ್ಲಿ ಮೊದಲೇ ವಾಸ ಇರುವ ಬ್ಯಾಕ್ಟೀರಿಯಾಗಳು ಯಾರು ಅನ್ನುವುದರ ಮೇಲೆ ಹೊಸದಾಗಿ ಬಂದವನಿಗೆ ಜಾಗ ಸಿಗುತ್ತೋ ಇಲ್ಲವೋ ನಿರ್ಧಾರವಾಗುತ್ತೆ.

ಇಲ್ಲೇ ಒಂದು ದೊಡ್ಡ ತೊಡಕು ಇದೆ. ಮೆಚ್ನಿಕಾಫನ ಕಾಲದಲ್ಲಿ ಅದನ್ನು ಬಿಡಿಸಲು ಉಪಕರಣ ಇರಲಿಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೆ ಹೊರಗಿನದ್ದು ಯಾವುದು ಅಂತ ಗೊತ್ತು ಮಾಡಿಕೊಳ್ಳುವುದು ಸುಲಭ. ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ ಸದಾ ಇದ್ದೇ ಇರುತ್ತವೆ. ಅವಕ್ಕೂ ನಮಗೂ ನಡುವೆ ಇರುವುದು ಲೋಳೆಯ ಪದರ ಮತ್ತು ಒಂದೇ ಒಂದು ಸಾಲು ಜೀವಕೋಶ. ಅಲ್ಲಿ ಬ್ಯಾಕ್ಟೀರಿಯಾ ಕಂಡ ಕೂಡಲೇ ಸೈರನ್ ಕೂಗಿದರೆ ಹುಟ್ಟಿದ ದಿನದಿಂದ ಸಾಯುವ ತನಕ ಹೊಟ್ಟೆ ಉರಿಯುತ್ತಲೇ ಇರಬೇಕು. ಕೂಗದೇ ಇದ್ದರೆ ಸಾಲ್ಮೊನೆಲ್ಲಾದಂಥದ್ದು ಬಂದಾಗ ಕತೆ ಮುಗೀತು.

ಇದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಮತ್ತೆ ಒಂದು ಕ್ಷುಲ್ಲಕ ಪ್ರಾಣಿಯಲ್ಲಿ. 1996ರಲ್ಲಿ ಹಣ್ಣಿನ ನೊಣದಲ್ಲಿ ಟೋಲ್ ಎಂಬ ಜೀನ್ ಇಲ್ಲದಿದ್ದರೆ ಅದು ಶಿಲೀಂಧ್ರದ ಸೋಂಕಿಗೆ ಬಲಿಯಾಗುತ್ತೆ ಅಂತ ಹಾಫ್‌ಮನ್ ಗುಂಪು ತೋರಿಸಿತು. ಎರಡು ವರ್ಷಕ್ಕೆ ಇಲಿಯಲ್ಲಿ ಅದರದೇ ದಾಯಾದಿ ಬ್ಯಾಕ್ಟೀರಿಯಾದ ಹೊರಕವಚವನ್ನು ಗುರುತು ಹಿಡಿಯುತ್ತೆ ಅಂತ ಬಾಯ್ಟ್ಲರ್ ತೋರಿಸಿದ. ಇಬ್ಬರಿಗೂ 2011ರಲ್ಲಿ ನೊಬೆಲ್. ಈ ಟೋಲ್ ಮಾದರಿಯ ಪ್ರೋಟೀನುಗಳು ಒಂಥರಾ ಸೆನ್ಸರ್. ಜಾಣತನ ಇರುವುದು ಸೆನ್ಸರ್ ಎಲ್ಲಿ ಕೂರಿಸಿದೆ ಅನ್ನುವುದರಲ್ಲಿ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನನ್ನು ಹಿಡಿಯುವ ಸೆನ್ಸರ್ ಬಹುಮಟ್ಟಿಗೆ ಕರುಳಿನ ಕೋಶದ ಕೆಳಬದಿಯಲ್ಲಿದೆ. ಮೇಲೆ ಎಷ್ಟೇ ಗಲಾಟೆ ನಡೆದರೂ ಅದು ಸುಮ್ಮನೆ. ಯಾವನೋ ಗೋಡೆ ದಾಟಿ ಕೆಳಗೆ ಇಳಿದಾಗ ಮಾತ್ರ ಕೂಗುತ್ತೆ. ಇನ್ನೊಂದು ಬಗೆಯ ಸೆನ್ಸರ್ ಕೋಶದ ಒಳಗೇ ಇದೆ. ಸಾಲ್ಮೊನೆಲ್ಲಾ ಇಂಜೆಕ್ಷನ್ ಸೂಜಿಯಂಥ ಒಂದು ಉಪಕರಣದಿಂದ ತನ್ನ ಪ್ರೋಟೀನುಗಳನ್ನು ನಮ್ಮ ಕೋಶಕ್ಕೆ ಚುಚ್ಚಿ ಒಳಗೆ ನುಗ್ಗುತ್ತೆ. ಸೂಜಿಯ ಚೂರು, ಬಾಲದ ಚೂರು ಕೋಶದೊಳಗೆ ಸಿಕ್ಕಿತೋ, ಈ ಸೆನ್ಸರ್ ಎದ್ದು ಕೂರುತ್ತೆ. ಮನೆ ಮುಂದಿನ ರಸ್ತೆಯಲ್ಲಿ ಓಡಾಡುವವರು ಯಾರೋ ಇರಲಿ, ಅಡುಗೆಮನೆಯಲ್ಲಿ ಕಂಡರೆ ಕಳ್ಳ. ಲೆಕ್ಕ ಇಷ್ಟೇ.

ಸೈರನ್ ಕೂಗಿದ ಮೇಲೆ ನಡೆಯುವುದು ಮೆಸ್ಸಿನಾದ ಆ ಬೆಳಗಿನ ಜಾವದ ದೃಶ್ಯವೇ. ಸೋಂಕಾದ ಕೋಶವನ್ನು ಗೋಡೆಯಿಂದ ಆಚೆ ತಳ್ಳಲಾಗುತ್ತೆ. ಸೈಟೊಕೈನ್ ಎಂಬ ರಾಸಾಯನಿಕ ಸಂದೇಶಗಳು ಹೊರಡುತ್ತವೆ. ಹತ್ತಿರದ ರಕ್ತನಾಳಗಳು ಅಗಲವಾಗಿ ಸೋರತೊಡಗುತ್ತವೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ದಂಡು ದಂಡಾಗಿ ಬಂದು ಗೋಡೆ ದಾಟಿ ಕರುಳಿನೊಳಗೂ ಇಳಿಯುತ್ತವೆ. ಸಂದೇಶಗಳಲ್ಲಿ ಕೆಲವು ಮೆದುಳಿಗೆ ಮುಟ್ಟಿ ಜ್ವರ ಬರಿಸುತ್ತವೆ. ನನ್ನ ರೂಮ್‌ಮೇಟಿನ ಹೊಟ್ಟೆ ನುಲಿತ, ಭೇದಿ, ಜ್ವರದ ಹಿಂದೆ ಇದ್ದದ್ದು ಈ ಗದ್ದಲ. ಡಾಕ್ಟರು ಬಹುಪಾಲು ಅವನ ಮೈಯೇ ಅಂದಿದ್ದು ಇದನ್ನೇ.

ಮೆಚ್ನಿಕಾಫ್ ಬದುಕಿದ್ದರೆ ಇಲ್ಲಿಯ ತನಕ ಬೀಗುತ್ತಿದ್ದ. ಇದರ ಮುಂದಿನದ್ದು ಅವನಿಗೆ ಅಷ್ಟು ರುಚಿಸುತ್ತಿರಲಿಲ್ಲ. ನ್ಯೂಟ್ರೊಫಿಲ್‌ಗಳು ಬ್ಯಾಕ್ಟೀರಿಯಾ ಕೊಲ್ಲಲು ಚೆಲ್ಲುವ ತೀಕ್ಷ್ಣ ಆಮ್ಲಜನಕದ ಅಣುಗಳು, ಕರುಳಿನಲ್ಲಿರುವ ಒಂದು ಗಂಧಕದ ಸಂಯುಕ್ತವನ್ನು ಟೆಟ್ರಾಥಯೋನೇಟ್ ಆಗಿ ಬದಲಾಯಿಸುತ್ತವೆ. ಸಾಲ್ಮೊನೆಲ್ಲಾ ಅದನ್ನು ಬಳಸಿಕೊಂಡು ಉಸಿರಾಡಬಲ್ಲದು. ಅಲ್ಲಿನ ಹಳೇ ನಿವಾಸಿಗಳಲ್ಲಿ ಹೆಚ್ಚಿನವಕ್ಕೆ ಆ ಸೌಲಭ್ಯ ಇಲ್ಲ. ನಾವು ಹಚ್ಚಿದ ಬೆಂಕಿಯಲ್ಲಿ ನಮ್ಮ ಬಾಡಿಗೆದಾರರು ಸತ್ತು, ಕಳ್ಳ ಬೀಡಿ ಹಚ್ಚಿಕೊಂಡ ಹಾಗಾಯ್ತು. ಮಲದ ಮಾದರಿಯಿಂದ ಸಾಲ್ಮೊನೆಲ್ಲಾ ಬೆಳೆಸಲು ಲ್ಯಾಬಿನವರು ದಶಕಗಳಿಂದ ಟೆಟ್ರಾಥಯೋನೇಟ್ ಹಾಕುತ್ತಲೇ ಇದ್ದರು. ಕರುಳಿನಲ್ಲಿ ಅದನ್ನು ತಯಾರಿಸಿ ಕೊಡುವುದು ನಮ್ಮದೇ ಉರಿಯೂತ ಅಂತ ಗೊತ್ತಾಗಿದ್ದು 2010ರಲ್ಲಿ.

ಓಲ್ಗಾಗೆ ಬಂದಿದ್ದ ಟೈಫಾಯಿಡ್ ಕತೆ ಇನ್ನೂ ವಿಚಿತ್ರ. ಅದರ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾದ ಇನ್ನೊಂದು ಬಗೆ. ಇದು ಒಂದು ಸಕ್ಕರೆಯ ಹೊದಿಕೆ ಹೊದ್ದು ತನ್ನ ಹೊರಕವಚವನ್ನು ಸೆನ್ಸರಿಗೆ ಕಾಣದ ಹಾಗೆ ಮರೆಮಾಡುತ್ತೆ, ಬಾಲದ ಪ್ರೋಟೀನನ್ನೂ ತಗ್ಗಿಸುತ್ತೆ. ಸೈರನ್ ಸರಿಯಾಗಿ ಕೂಗುವುದೇ ಇಲ್ಲ. ಕರುಳಲ್ಲಿ ದೊಡ್ಡ ಗದ್ದಲ ಆಗದೆ ಗೋಡೆ ದಾಟಿ, ಭಕ್ಷಕ ಕೋಶಗಳಿಂದ ನುಂಗಿಸಿಕೊಂಡು, ಅವುಗಳ ಹೊಟ್ಟೆಯೊಳಗೇ ಅರಗದೆ ಬದುಕಿ, ಅವುಗಳ ಮೇಲೇ ಸವಾರಿ ಮಾಡಿ ಯಕೃತ್ತು, ಗುಲ್ಮ ಅಂತ ಹರಡುತ್ತೆ. ಬಿಳಿ ಕಣ ಬ್ಯಾಕ್ಟೀರಿಯಾದ ವಾಹನ ಅಂತ ಹೇಳಿ ಮೆಚ್ನಿಕಾಫನನ್ನು ಅಲ್ಲಗಳೆದಿದ್ದ ಹಳೇ ರೋಗಶಾಸ್ತ್ರಜ್ಞರು ಈ ಒಂದು ರೋಗದಲ್ಲಿ ತಪ್ಪಿರಲಿಲ್ಲ. ಲುದ್ಮಿಲಾಳನ್ನು ಒಯ್ದ ಕ್ಷಯದ ಬ್ಯಾಕ್ಟೀರಿಯಾದ ವಾಸವೂ ಭಕ್ಷಕ ಕೋಶದೊಳಗೇ. ಎರಡು ಸಲ ಅವನ ಮನೆಗೆ ನುಗ್ಗಿದ್ದು, ಅವನ ಸೈನಿಕರ ವೇಷದಲ್ಲೇ ಓಡಾಡಬಲ್ಲ ಶತ್ರುಗಳು.

ಕೋಶ-ಸೀರಂ ಜಗಳ ಕೊನೆಗೆ ರಾಜಿಯಲ್ಲಿ ಮುಗಿಯಿತು. ಸೀರಂನಲ್ಲಿರುವ ವಸ್ತುಗಳು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡರೆ ಭಕ್ಷಕ ಕೋಶಗಳಿಗೆ ನುಂಗುವುದು ಸಲೀಸು ಅಂತ 1903ರಲ್ಲಿ ಲಂಡನ್ನಿನ ಆಲ್ಮ್‌ರಾತ್ ರೈಟ್ ತೋರಿಸಿದ. ಎರಡೂ ಬೇಕು. 1908ರ ನೊಬೆಲ್ಲನ್ನು ಮೆಚ್ನಿಕಾಫನಿಗೂ, ಸೀರಂ ಪಕ್ಷದ ಪಾಲ್ ಎರ್ಲಿಕ್‌ಗೂ ಸೇರಿಸಿ ಕೊಟ್ಟರು. ಅದೇ ಡಿಸೆಂಬರಿನ ಕೊನೆಗೆ ಭೂಕಂಪವಾಗಿ ಮೆಸ್ಸಿನಾ ನೆಲಸಮವಾಯಿತು.

ಆ ಹೊತ್ತಿಗೆ ಅವನಿಗೆ ಬೇರೆ ಹುಚ್ಚು ಹತ್ತಿತ್ತು: ಮುಪ್ಪು. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ವಿಷ ಹುಟ್ಟಿಸಿ ನಮ್ಮನ್ನು ಬೇಗ ಮುದುಕರಾಗಿಸುತ್ತವೆ, ಹುಳಿ ಮಾಡುವ ಬ್ಯಾಕ್ಟೀರಿಯಾ ಅಲ್ಲಿ ನೆಲೆಸಿದರೆ ಅದನ್ನು ತಡೆಯಬಹುದು ಅಂತ ಅವನ ವಾದ. ಬಲ್ಗೇರಿಯಾದ ಹಳ್ಳಿಗರು ಮೊಸರು ತಿಂದು ಬಹುಕಾಲ ಬಾಳುತ್ತಾರೆ ಅಂತ ಉದಾಹರಣೆ ಕೊಟ್ಟ. ಯುರೋಪು ತುಂಬ ಮೊಸರಿನ ಹುಚ್ಚು ಹತ್ತಿತು. ದಿನಾ ರಾತ್ರಿ ಮೊಸರನ್ನ ತಿನ್ನುವ ನಮಗೆ ಇದನ್ನು ಓದಿ ಹೆಮ್ಮೆ ಬರಬಹುದು, ಬೇಡ. ಅವನ ಬಲ್ಗೇರಿಯಾದ ಬ್ಯಾಕ್ಟೀರಿಯಾ ಮನುಷ್ಯನ ಕರುಳಲ್ಲಿ ನೆಲೆ ನಿಲ್ಲುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ದೊಡ್ಡ ಕರುಳು ವಿಷದ ಗುಂಡಿ ಅನ್ನುವ ವಾದವೂ ಬಿತ್ತು. ಬೀಳುವ ಮೊದಲು ಲಂಡನ್ನಿನಲ್ಲಿ ಒಬ್ಬ ಹೆಸರಾಂತ ಸರ್ಜನ್ ಅದನ್ನು ಹಿಡಿದುಕೊಂಡು ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಕರುಳಿನ ನಿವಾಸಿಗಳು ನಮ್ಮ ಆರೋಗ್ಯ ನಿರ್ಧರಿಸುತ್ತಾರೆ ಅನ್ನುವ ಮೂಲ ಹೊಳಹು ಮಾತ್ರ ನೂರು ವರ್ಷ ಬಿಟ್ಟು ದೊಡ್ಡ ಶಾಸ್ತ್ರವಾಗಿ ಮರಳಿ ಬಂತು.

ಮೊದಲ ಮಹಾಯುದ್ಧ ಶುರುವಾದಾಗ ಲ್ಯಾಬಿನ ಹುಡುಗರೆಲ್ಲ ಯುದ್ಧಕ್ಕೆ ಹೋದರು. ಜರ್ಮನ್ನರ ಜೊತೆಗಿನ ಕಾಗದದ ಯುದ್ಧವನ್ನು ಅಷ್ಟು ಸುಖಿಸಿದ್ದವನಿಗೆ ನಿಜವಾದದ್ದು ನೋಡಲಾಗಲಿಲ್ಲ. ಹೃದಯ ಕೈಕೊಟ್ಟಿತು. ಇಪ್ಪತ್ತೆಂಟಕ್ಕೂ ಮೂವತ್ತಾರಕ್ಕೂ ಸಾಯಲು ಹೊರಟವನು, 71ರಲ್ಲಿ, ಪ್ರತಿ ದಿನದ ಮೈಯ ಸ್ಥಿತಿಯನ್ನು ಕುತೂಹಲದಿಂದ ಬರೆದಿಡುತ್ತಾ, 1916ರ ಜುಲೈನಲ್ಲಿ ಪಾಶ್ಚರ್ ಸಂಸ್ಥೆಯಲ್ಲೇ ಕೊನೆಯುಸಿರೆಳೆದ. ಓಲ್ಗಾ ಪಕ್ಕದಲ್ಲಿದ್ದಳು, ಅವನ ಜೀವನಚರಿತ್ರೆ ಬರೆದವಳೂ ಅವಳೇ. ಬೂದಿಯನ್ನು ಅವನ ಆಸೆಯಂತೆ ಆ ಸಂಸ್ಥೆಯ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಸಾಯುವ ಮುಂಚೆ ಸ್ನೇಹಿತನಾಗಿದ್ದ ಒಬ್ಬ ವೈದ್ಯನಿಗೆ, ಶವಪರೀಕ್ಷೆ ಮಾಡುವಾಗ ತನ್ನ ಕರುಳನ್ನು ಸರಿಯಾಗಿ ನೋಡಬೇಕು ಅಂತ ಹೇಳಿಟ್ಟಿದ್ದ. ಅಲ್ಲಿ ಏನೋ ಇದೆ ಅಂತ ಅವನಿಗೆ ಕೊನೆಯ ತನಕ ಗುಮಾನಿ.